ಹೊಸ ಎಲೆಯ ಮುಂದೆ ಒಂದು ಲೋಟ ಬಿಯರು

ತಮಿಳುನಾಡಿನ ಕಾರಿಮಂಗಲಂ ಹತ್ತಿರದ ನನ್ನ ಗಂಡನ ಊರಿನಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಸತ್ತವರು ಬದುಕಿದ್ದಾಗ ಯಾವುದನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನು ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಯಾರೂ ನೋಡದೆ ಇದ್ದರೆ ಅವರು ಸಂಕೋಚವಿಲ್ಲದೆ ಊಟ ಮಾಡುತ್ತಾರೆ ಅಂತ. ಸ್ವಲ್ಪ ಹೊತ್ತು ಬಿಟ್ಟು ಮನೆಯ ದೊಡ್ಡವರು ಜೋರಾಗಿ ಕೆಮ್ಮಿ, ಆಮೇಲೆ ಬಾಗಿಲು ತೆಗೆಯುತ್ತಾರೆ. ಮದುವೆಯಾದ ಹೊಸದರಲ್ಲಿ ಆ ಕೆಮ್ಮು ಕೇಳಿ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ನಮ್ಮ ಸೇಲಂ ಕಾನ್ವೆಂಟಿನಲ್ಲಿ ಆಲ್ ಸೋಲ್ಸ್ ಡೇ ದಿನ ಸಿಸ್ಟರ್‌ಗಳು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುವಾಗ ಮಾತ್ರ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅದು ಹೇಗೆ ಪ್ರೇಯರ್, ಇದು ಹೇಗೆ ಜೋಕ್ ಅಂತ ಆ ವಯಸ್ಸಿನಲ್ಲಿ ಕೇಳಿಕೊಳ್ಳಲಿಲ್ಲ.

ಈ ಎಡೆಗೆ ಒಂದು ಕಟ್ಟುನಿಟ್ಟಿದೆ. ಎಲೆಯ ಮೇಲೆ ಏನೇ ಬೀಳಬೇಕಾದರೂ, ಸತ್ತವರು ಅದನ್ನು ತಿಂದದ್ದನ್ನೋ ಕುಡಿದದ್ದನ್ನೋ ಕಣ್ಣಾರೆ ಕಂಡವರೊಬ್ಬರು ಬಾಯಿಬಿಟ್ಟು ಹೇಳಬೇಕು. ಇಷ್ಟವಾಗಿರಬಹುದು ಎಂಬ ಅಂದಾಜು ನಡೆಯುವುದಿಲ್ಲ. ತಿನ್ನದ್ದನ್ನು ಇಟ್ಟರೆ, ಇದು ಬೇರೆ ಯಾರದೋ ಎಲೆ ಅಂದುಕೊಂಡು ಅವರು ಎದ್ದು ಹೋಗಿಬಿಡುತ್ತಾರಂತೆ. ನನ್ನ ಅತ್ತೆಯ ಎಲೆಗೆ ಒಂದು ವರ್ಷ ನಾನೇ ಸೇಲಂನಿಂದ ಕೇಕ್ ಒಯ್ದಿದ್ದೆ. "ನಮ್ಮವ್ವ ಕೇಕ್ ತಿಂದಿದ್ ಯಾರ್ ನೋಡಿದೀರಿ?" ಅಂತ ಭಾವ, ನನ್ನ ಗಂಡನ ಅಣ್ಣ, ಕೇಳಿದರು. ಯಾರೂ ನೋಡಿರಲಿಲ್ಲ. ಕೇಕ್ ಮಕ್ಕಳ ಪಾಲಾಯಿತು.

ಹೋದ ವರ್ಷ ಅಲ್ಲಿ ಹೊಸ ಎಲೆ ನನ್ನ ಗಂಡನದು. ಜೂನ್‌ನಲ್ಲಿ ಒಂದು ಬೆಳಿಗ್ಗೆ ಪೇಪರ್ ತರಲು ಗೇಟಿಗೆ ಹೋದವರು ಅಲ್ಲೇ ಕುಸಿದು ಕೂತರು. ಪಕ್ಕದ ಮನೆಯವರು ಕೂಗಿದಾಗ ನಾನು ಒಲೆ ಆರಿಸಿ, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ, ಆಮೇಲೆ ಹೊರಗೆ ಬಂದೆ. ಆ ತಟ್ಟೆ ಮುಚ್ಚಿದ್ದು ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ. ಅದರ ನಂತರದ ಮೂರು ತಿಂಗಳು ಅಷ್ಟು ಸ್ಪಷ್ಟವಾಗಿಲ್ಲ. ಬಂದವರಿಗೆ ಕಾಫಿ ಕೊಟ್ಟೆ, ಪೆನ್ಷನ್ ಆಫೀಸಿನ ಫಾರ್ಮ್ ತುಂಬಿದೆ, ಸ್ಪೆಲ್ಲಿಂಗ್ ಒಂದೂ ತಪ್ಪಲಿಲ್ಲ. ಅಳು ಬರಲಿಲ್ಲ. ಡೆಂಟಿಸ್ಟ್ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದೆಯೋ ಇಲ್ಲವೋ ಅಂತ ಬೆರಳಿಂದ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಇಡೀ ಮೈ ಹಾಗಿತ್ತು.

ಎಡೆಯ ದಿನ ನಾನು ಸೇಲಂನಿಂದ ಬಸ್ಸಿನಲ್ಲಿ ಹೋದೆ. ಮಗಳು ಬೆಂಗಳೂರಿನಿಂದ ಕಾರು ಓಡಿಸಿಕೊಂಡು ನೇರವಾಗಿ ಊರಿಗೆ ಬಂದಳು. ಬಂದವಳೇ ಕೈಕಾಲು ತೊಳೆದು, ಬ್ಯಾಗಿನಿಂದ ಒಂದು ಸ್ಟೀಲ್ ಫ್ಲಾಸ್ಕ್ ತೆಗೆದು ನಡುಮನೆಯ ಹೊಸ್ತಿಲ ಮೇಲೆ ಇಟ್ಟಳು.

"ಇದು ಅಪ್ಪನ ಎಲೆಗೆ."

ಭಾವ ಗೋಡೆಗೊರಗಿ ಎಲೆಯಡಿಕೆ ಹಾಕುತ್ತಿದ್ದರು. ನನ್ನ ಗಂಡನಿಗಿಂತ ಆರು ವರ್ಷ ದೊಡ್ಡವರು, ಈಗಲೂ ಕುರಿ ಹಿಂದೆ ಹೋಗುವವರು.

"ಏನ್ ಕೂಸೇ ಅದು, ಕಾಪಿನಾ?"

"ಬಿಯರ್, ದೊಡ್ಡಪ್ಪ. ನಾನೇ ಮಾಡಿದ್ದು."

ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದ ಅಕ್ಕ, ಭಾವನ ಹೆಂಡತಿ, ಕೈ ನಿಲ್ಲಿಸಿದರು.

ಇದು ಯಾಕೆ ಅಷ್ಟು ದೊಡ್ಡ ಮಾತು ಅಂತ ತಿಳಿಯಬೇಕಾದರೆ ನನ್ನ ಗಂಡನ ಕೆಲಸದ ಬಗ್ಗೆ ಹೇಳಬೇಕು. ಅವರು ಆ ಕುಟುಂಬದಲ್ಲಿ ಮೊದಲು ಸರ್ವಿಸಿಗೆ ಸೇರಿದವರು. ಕೆಲಸ ಮದ್ಯ ನಿಷೇಧದ ಕಡೆ, ಅಂದರೆ ಕಳ್ಳಭಟ್ಟಿ ಹಿಡಿಯುವುದು. ಮೊರಪ್ಪೂರು, ಪಾಲಕೋಡ್ ಕಡೆಯ ಗುಡ್ಡಗಳಲ್ಲಿ ಭಟ್ಟಿ ಇಳಿಸುವವರು ಬೆಲ್ಲ, ಜಾಲಿ ತೊಗಟೆ ಹಾಕಿ ಹುಳಿ ಬರಿಸಿ ಮಡಕೆಗಳಲ್ಲಿ ಹೂತಿಡುತ್ತಿದ್ದರು. ತಮಿಳಿನಲ್ಲಿ ಅದಕ್ಕೆ ಊರಲ್ ಅನ್ನುತ್ತಾರೆ. ಅದನ್ನು ಹುಡುಕಿ, ಅಗೆದು, ಚೆಲ್ಲಿ, ಮಡಕೆ ಒಡೆದು ಬರುವುದೇ ನನ್ನ ಗಂಡನ ಬದುಕಾಗಿತ್ತು. ಅವರ ಮೂಗು ಡಿಪಾರ್ಟ್‌ಮೆಂಟಿನಲ್ಲೆಲ್ಲ ಫೇಮಸ್. ಜೀಪಿನಿಂದ ಇಳಿದು ಗಾಳಿಗೆ ಮುಖ ಕೊಟ್ಟು ನಿಂತು, ಇಂಥ ಕಡೆ ಇದೆ, ಹೂತು ನಾಲ್ಕು ದಿನ ಆಗಿದೆ, ಅನ್ನುತ್ತಿದ್ದರಂತೆ. ಮನೆಗೆ ಬಂದರೆ ಅಂಗಿಯೆಲ್ಲ ಹುಳಿ ವಾಸನೆ. ನಾನು ಆ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದೆ. ಅವರು ಮಾತ್ರ ಒಂದು ತೊಟ್ಟೂ ಮುಟ್ಟಿದವರಲ್ಲ. ಕೆಮ್ಮಿನ ಟಾನಿಕ್ ಬಾಟಲಿಯನ್ನೂ ಮೂಸಿ ನೋಡಿ, "ಟೀಚರಮ್ಮ, ಇದು ಬೇಡ," ಎಂದು ವಾಪಸ್ ಕೊಡುವವರು. ನಾನು ಓದಿದ ಕಾನ್ವೆಂಟಿನಲ್ಲೇ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದೆ. ಮನೆಯಲ್ಲಿ ನನ್ನ ಹೆಸರೇ ಟೀಚರಮ್ಮ.

ಇಂಥವರ ಮಗಳು ಮೈಕ್ರೋಬಯಾಲಜಿ ಓದಿ, ಔಷಧಿ ಕಂಪನಿಯಲ್ಲಿ ಎರಡು ವರ್ಷ ದುಡಿದು, ಅದನ್ನು ಬಿಟ್ಟು ಬೆಂಗಳೂರಿನ ಒಂದು ಚಿಕ್ಕ ಬ್ರೂವರಿಗೆ ಸೇರಿದಳು. ಬಿಯರನ್ನು ಹಳೆಯ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ಹದಕ್ಕೆ ತರುವುದರಲ್ಲಿ ಆ ಬ್ರೂವರಿಗೆ ಹೆಸರು. ಬ್ಯಾರಲ್ ಏಜ್ಡ್ ಅನ್ನುತ್ತಾರೆ. ಪೀಪಾಯಿಗಳ ಪೂರ್ತಿ ಜವಾಬ್ದಾರಿ ಅವಳದು. ಈ ಸುದ್ದಿ ಹೇಳಿದ ದಿನ ಅವರು ಬೈಯಲಿಲ್ಲ. ತಟ್ಟೆಯಲ್ಲಿದ್ದ ಮೊಸರನ್ನ ಮುಗಿಸಿ, ಕೈ ತೊಳೆದು, ಅಂಗಳಕ್ಕೆ ಹೋಗಿ ಗಿಡಗಳಿಗೆ ನೀರು ಹಾಕಿದರು. ಆಮೇಲೆ ನಾಲ್ಕು ವರ್ಷ ಅವಳ ಜೊತೆ ಮಾತಾಡಲಿಲ್ಲ. ಅವಳ ಫೋನ್ ಬಂದರೆ ಎದ್ದು ಹೋಗಿ ನೀರು ಹಾಕುವರು. ಹಬ್ಬಕ್ಕೆ ಬಂದರೆ ಹೊಸ ಬಟ್ಟೆ ಕೊಡಿಸುವರು, ಆದರೆ ನನ್ನ ಕೈಯಿಂದ ಕೊಡಿಸುವರು. ನಮ್ಮ ಮನೆಯ ಗಿಡಗಳು ಆ ನಾಲ್ಕು ವರ್ಷ ಚೆನ್ನಾಗಿ ಬೆಳೆದವು.

ಅವರು ತೀರಿಕೊಂಡಾಗಲೂ ಅಪ್ಪ ಮಗಳು ಹಾಗೇ ಇದ್ದರು. ಆಸ್ಪತ್ರೆಯಲ್ಲಿ ಮಗಳು ನನ್ನ ಕೈ ಹಿಡಿದುಕೊಂಡು, ಅಳುತ್ತಾ ಒಂದೇ ಮಾತು ಕೇಳುತ್ತಿದ್ದಳು: "ಒಂದು ಸಲನಾದ್ರೂ ನನ್ನ ಕೆಲಸದ ಬಗ್ಗೆ ಏನಾದ್ರೂ ಅಂದ್ರಾಮ್ಮಾ? ಒಂದು ವರ್ಡ್?" ಹೇಳಲು ನನ್ನ ಹತ್ತಿರ ಒಂದು ಸಂಗತಿ ಇತ್ತು. ಹೇಳುವುದಿಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೆ.

ಅವರು ಹೋಗುವುದಕ್ಕೆ ಐದು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಬಿಯರ್ ಫೆಸ್ಟಿವಲ್ ಇತ್ತು. ಬೇರೆ ಬೇರೆ ಬ್ರೂವರಿಗಳ ಜೊತೆ ಇವಳದೂ ಇರುತ್ತದೆ ಅಂತ ಮಗಳು ನನ್ನ ಫೋನಿಗೆ ಮೆಸೇಜ್ ಕಳಿಸಿದ್ದಳು. ಸುಮ್ಮನೆ ತಿಳಿಸಿದ್ದಳು, ಬನ್ನಿ ಅಂತ ಕರೆದಿರಲಿಲ್ಲ. ನಾನು ಅದನ್ನು ಗಟ್ಟಿಯಾಗಿ ಓದಿದೆ. ಅವರು ಪೇಪರ್ ಮಡಿಸಿ ಎದ್ದು ಹೋದರು. ಎರಡು ದಿನ ಕಳೆದು, ತಮ್ಮ ಬಿಳಿ ಶರ್ಟಿಗೆ ತಾವೇ ಇಸ್ತ್ರಿ ಹಾಕುತ್ತಾ, "ನಾಳೆ ಬೆಳಗಿನ ಟ್ರೇನಿಗೆ ಹೋಗೋಣ, ಟೀಚರಮ್ಮ. ಅವ್ಳಿಗೆ ಯೋಳ್ಬೇಡ. ಇವತ್ತೂ ಬೇಡ, ಆಮೇಲೂ ಬೇಡ," ಅಂದರು. ಯಾಕೆ ಅಂತ ಕೇಳಲಿಲ್ಲ. ಕೇಳಿದರೆ ಹೋಗುವುದೇ ತಪ್ಪುತ್ತಿತ್ತು.

ಮೊರಪ್ಪೂರು ಸ್ಟೇಷನ್ ಬಂದಾಗ ಅವರು ಕಿಟಕಿಯಿಂದ ಗುಡ್ಡಗಳನ್ನು ನೋಡಿದರು. ಅಲ್ಲಿ ಎಷ್ಟು ಮಡಕೆ ಒಡೆದಿದ್ದರೋ. ಇಡ್ಲಿ ಪೊಟ್ಟಣ ಬಿಚ್ಚಿ ಕೊಟ್ಟೆ, ತಿಂದರು. ದಾರಿಯುದ್ದಕ್ಕೂ ಅಷ್ಟೇ.

ಫೆಸ್ಟಿವಲ್ ಒಂದು ಹೋಟೆಲಿನ ಹಿಂದಿನ ಲಾನ್‌ನಲ್ಲಿ. ಗೇಟಿನಲ್ಲಿ ಮಣಿಕಟ್ಟಿಗೆ ಕಾಗದದ ಪಟ್ಟಿ ಕಟ್ಟುವ ಹುಡುಗಿ ನಮ್ಮಿಬ್ಬರನ್ನು ನೋಡಿ, "ಅಂಕಲ್, ಫ್ಲವರ್ ಶೋ ಪಕ್ಕದ ಗೇಟು," ಅಂದಳು. ಇವರು ಜೇಬಿನಿಂದ ಆಧಾರ್ ಕಾರ್ಡ್ ತೆಗೆದು, "ಏಜ್ ಪ್ರೂಫ್," ಅಂತ ಮುಂದೆ ಚಾಚಿದರು. ಅವಳು ನಗುತ್ತಾ ನಮ್ಮ ಕೈಗೂ ಪಟ್ಟಿ ಕಟ್ಟಿದಳು. ಒಳಗೆ ಮೈಕಿನ ಗದ್ದಲ, ಮಧ್ಯಾಹ್ನದ ಬಿಸಿಲು, ಬಿಳಿ ಡೇರೆಗಳ ಸಾಲು. ಒಂದು ಕಡೆ ಮಾವಿನಹಣ್ಣಿನ ಬಿಯರ್, ಒಂದು ಕಡೆ ಕಿತ್ತಳೆಯದು. ನನ್ನ ವಯಸ್ಸಿನ ಹೆಂಗಸರು ಯಾರೂ ಇರಲಿಲ್ಲ. ಸೀರೆ ಉಟ್ಟವಳು ನಾನೊಬ್ಬಳೇ. ಮಗಳ ಬ್ರೂವರಿಯ ಡೇರೆ ಕೊನೆಯಲ್ಲಿತ್ತು. ಎರಡು ಪೀಪಾಯಿಗಳನ್ನು ನೆಟ್ಟಗೆ ನಿಲ್ಲಿಸಿ ಮೇಲೆ ಹಲಗೆ ಹಾಕಿದ್ದರು. ಎಲ್ಲಕ್ಕಿಂತ ಉದ್ದದ ಕ್ಯೂ ಅಲ್ಲೇ. ಕ್ಯೂನಲ್ಲಿದ್ದ ಇಬ್ಬರು ಹುಡುಗರು ಮಾತಾಡಿಕೊಳ್ಳುತ್ತಿದ್ದರು:

"ಬೇರೆ ಸ್ಟಾಲ್‌ನಲ್ಲಿ ಹೊಟ್ಟೆ ತುಂಬಿಸ್ಕೊಂಡು ಬಂದ್ಯಾ? ಹೋಯ್ತು ಬಿಡು."

"ಯಾಕೋ?"

"ಇವರ ಬ್ಯಾರಲ್ ಏಜ್ಡ್ ಕುಡಿಯೋಕೆ ನಾಲಿಗೆ ಫ್ರೆಶ್ ಇರ್ಬೇಕು. ನಿಂದು ಮ್ಯಾಂಗೋ ನಾಲಿಗೆ."

ಮಗಳು ಕಪ್ಪು ಏಪ್ರನ್ ಹಾಕಿಕೊಂಡು, ಯಾರಿಗೋ ಏನೋ ವಿವರಿಸುತ್ತಾ ಪೀಪಾಯಿಯ ಪಕ್ಕೆಯನ್ನು ಅಂಗೈಯಿಂದ ತಟ್ಟುತ್ತಿದ್ದಳು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ. ಇವರು ಒಂದು ಕಂಬದ ಹಿಂದೆ ಸರಿದು ನಿಂತರು. ಗುಡ್ಡಗಳಲ್ಲಿ ಹೀಗೇ ನಿಲ್ಲುತ್ತಿದ್ದರೇನೋ.

ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಅವಳನ್ನು ಸ್ಟೇಜಿಗೆ ಕರೆದರು. ಅವಳ ಹಿಂದೆ ಜನರೂ ಅತ್ತ ಸರಿದದ್ದೇ ಇವರು ಹೋಗಿ ಕರಗಿದ ಕ್ಯೂನಲ್ಲಿ ನಿಂತು, ಒಂದು ಚಿಕ್ಕ ಗಾಜಿನ ಲೋಟ ತಂದರು. ಸ್ಟೇಜಿನ ಎಡಗಡೆ ಒಂದು ಮಳೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅಲ್ಲಿ ಕೂತೆವು. ಲೋಟದಲ್ಲಿದ್ದದ್ದು ಡಿಕಾಕ್ಷನ್‌ನಷ್ಟು ಕಪ್ಪು.

ಅವಳು ಮಾತಾಡಿದಳು. ನಾನು ಎಷ್ಟೋ ಹುಡುಗಿಯರಿಗೆ ಎಲೊಕ್ಯೂಷನ್ ಕಲಿಸಿದ್ದೇನೆ. ನನ್ನ ಮಗಳು ಒಂದು ಮಾತಿಗೂ ಕಾಗದ ನೋಡಲಿಲ್ಲ. ಈ ಪೀಪಾಯಿಯಲ್ಲಿ ಮೊದಲು ರಮ್ ಇತ್ತು, ಮರದ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುತ್ತಾರೆ, ರಮ್ ಹೋದರೂ ಅದರ ವಾಸನೆ ಮರದಲ್ಲಿ ಉಳಿದಿರುತ್ತದೆ, ಬಿಯರ್ ಎಂಟು ತಿಂಗಳು ಅಲ್ಲಿದ್ದು ಅದನ್ನು ಎಳೆದುಕೊಳ್ಳುತ್ತದೆ, ಮೇಲ್ಭಾಗದಲ್ಲಿ ಒಂದಿಷ್ಟು ಆವಿಯಾಗಿ ಹೋಗುತ್ತದೆ, ಹೋದದ್ದಕ್ಕೆ ಏನೂ ಮಾಡಲಾಗುವುದಿಲ್ಲ, ಅಂತ. ಕೊನೆಗೆ, ಇದಕ್ಕೆ ಮೊಳಕೆ ಕಟ್ಟಿ ಹಾಕಿರುವ ರಾಗಿ ನಮ್ಮ ತಂದೆಯ ಊರಿನದು, ಅಂದಳು. ಮೈ ಫಾದರ್ಸ್ ವಿಲೇಜ್, ಅಂತಲೂ ಇನ್ನೊಮ್ಮೆ ಇಂಗ್ಲಿಷಿನಲ್ಲಿ ಹೇಳಿದಳು. ಜನ ಚಪ್ಪಾಳೆ ತಟ್ಟಿದರು.

ಅಷ್ಟು ಹೊತ್ತೂ ಇವರು ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದಿದ್ದರು. ಮತ್ತೆ ಮತ್ತೆ ಮೂಗಿನ ಹತ್ತಿರ ತರುವರು, ಕಣ್ಣು ಮುಚ್ಚುವರು, ಇಳಿಸುವರು. ತುಟಿಗೆ ತಗುಲಿಸಲಿಲ್ಲ. ಚಪ್ಪಾಳೆ ನಿಂತ ಮೇಲೆ ಎದ್ದು, ಲೋಟವನ್ನು ನನ್ನ ಕೈಗೆ ಕೊಟ್ಟರು.

"ಚೆಲ್ಬೇಡ," ಅಂದರು.

ಚೆಲ್ಲಬೇಡ ಅಂದರೆ ಏನು ಮಾಡಲಿ? ಕೆಳಗೆ ಇಟ್ಟರೆ ಯಾರಾದರೂ ಒದೆಯುತ್ತಾರೆ. ವಾಪಸ್ ಕೊಡಲು ಹೋದರೆ ಮಗಳು ಅಲ್ಲಿರುತ್ತಾಳೆ. ಅರವತ್ತೊಂಬತ್ತು ವರ್ಷದಲ್ಲಿ ಕಮ್ಯೂನಿಯನ್ ವೈನನ್ನೂ ಮುಟ್ಟದಿದ್ದ ನಾನು ಅಲ್ಲಿ ನಿಂತುಕೊಂಡೇ ಅದನ್ನು ಕುಡಿದೆ. ಕಹಿ, ಆಮೇಲೆ ಸುಟ್ಟ ಬೆಲ್ಲ, ಆಮೇಲೆ ಹೊಸ ಮರದ ಬೀರುವಿನ ಬಾಗಿಲು ತೆಗೆದಂಥ ಏನೋ. ಅವರು ನಾನು ಮುಗಿಸುವವರೆಗೂ ಕಾದು, ಖಾಲಿ ಲೋಟ ಇಸಿದುಕೊಂಡು ಹೋಗಿ ಒಂದು ಮೇಜಿನ ಮೇಲೆ ಇಟ್ಟು ಬಂದರು. ಸಂಜೆಯ ಟ್ರೇನಿನಲ್ಲಿ ನನಗೆ ನಿದ್ದೆ ಹತ್ತಿತು. ಅವರು ಅದರ ಬಗ್ಗೆ ಮುಂದೆ ಒಂದು ದಿನವೂ ಮಾತೆತ್ತಲಿಲ್ಲ. ಮಗಳ ಫೋನ್ ಬಂದಾಗ ಎದ್ದು ಹೋಗುವುದನ್ನೂ ಬಿಡಲಿಲ್ಲ.

ಮಗಳಿಗೆ ಹೇಳಿದರೆ ಏನಂತ ಹೇಳುವುದು? ನಿಮ್ಮಪ್ಪ ಬಂದಿದ್ದರು, ನಿನ್ನನ್ನು ನೋಡಿದರು, ನಿನ್ನ ಕಣ್ಣಿಗೆ ಬೀಳದೆ, ಕುಡಿಯದೆ, ಮಾತಾಡಿಸದೆ ಹೋದರು. ಅದು ಏನೂ ಗೊತ್ತಿಲ್ಲದಿರುವುದಕ್ಕಿಂತ ವಾಸಿಯೋ ಕೆಡುಕೋ ನನಗೆ ತಿಳಿಯಲಿಲ್ಲ. ಅವರು ಹೋದ ಮೇಲೆ ಅದನ್ನು ಯೋಚಿಸುವ ಶಕ್ತಿಯೂ ಇರಲಿಲ್ಲ.

ಈಗ ಹೊಸ್ತಿಲ ಮೇಲೆ ಫ್ಲಾಸ್ಕ್ ಇತ್ತು.

ಭಾವ ಎಲೆಯಡಿಕೆ ಉಗಿದು ಬಂದು ಅದರ ಎದುರು ಕುಕ್ಕರುಗಾಲಲ್ಲಿ ಕೂತರು. "ಗಡಿ ದಾಟಿಸ್ಕೊಂಡು ಬಂದಿದೀಯಲ್ಲೇ. ನಿಮ್ಮಪ್ಪ ಚೆಕ್‌ಪೋಸ್ಟ್‌ನಾಗೆ ಇದ್ದಿದ್ರೆ ನಿನ್ನೇ ಒಳೀಕ್ ಆಕೋನು."

"ಹಾಕಲಿ ದೊಡ್ಡಪ್ಪ. ಆಗಲಾದ್ರೂ ಹೆಸರೇನು, ಊರೇನು ಅಂತ ಮಾತಾಡಿಸಿರೋರು."

"ಬಾಯಿ ನೋಡು ಇದರದ್ದು!" ಎಂದರು ಅಕ್ಕ ಅಡುಗೆಮನೆಯಿಂದಲೇ. "ಸತ್ತೋರ್ ಎಲೆ ಮುಂದೆ ಜಗಳ ಆಡ್ತಾಳೆ. ಬೇಡ ಕಣ್ ಮಗಾ, ಎತ್ತಿಡು. ಜಲ್ಮದಾಗೆ ಮುಟ್ಟದೋನ್ಗೆ ಯಾಕ್ ಇಕ್ತೀಯ? ಅವನು ಎದ್ದೋಗ್ಬುಟ್ರೆ?"

"ತಾತನ ಎಲೆಗೆ ಪ್ರತಿ ವರ್ಷ ಸಾರಾಯಿ ಇಡ್ತೀರಲ್ಲ ದೊಡ್ಡಮ್ಮ?"

"ತಾತ ಕುಡೀತಿದ್ದ. ಊರೇ ನೋಡೈತೆ."

"ಇರು, ಇರು," ಎಂದು ಭಾವ ಕೈ ಎತ್ತಿದರು. ನನ್ನ ಕಡೆ ತಿರುಗಿದರು. "ಇದು ನಾವ್ ನೀವ್ ತೀರ್ಮಾನ ಮಾಡೋದಲ್ಲ. ಕಟ್ಕೊಂಡೋಳು ಇಲ್ಲೇ ಅವ್ಳೆ. ನೀನೇ ಯೋಳು ತಾಯಿ. ಅವನು ಇದನ್ನ ಮುಟ್ಟಿದ್ ನೀ ಕಂಡಿದೀಯಾ? ಕಂಡಿದ್ರೆ ಇಡಾಣ. ಇಲ್ಲಾಂದ್ರೆ, ಅಪ್ಪುರಂ ಒಂದ್ ಮಾತಿಲ್ಲ, ಎತ್ತಿಡಾಣ."

ಮಗಳು ನನ್ನ ಮುಖ ನೋಡಲೇ ಇಲ್ಲ. ಫ್ಲಾಸ್ಕಿನ ಮುಚ್ಚಳ ಹಿಡಿದುಕೊಂಡಿದ್ದಳು, ಎತ್ತಿಡಲು ಸಿದ್ಧವಾಗಿ. ನಾನು ಇಲ್ಲ ಅನ್ನುತ್ತೇನೆ ಅಂತ ಅವಳಿಗೆ ಗೊತ್ತಿತ್ತು.

ಕುಡಿದರು ಅಂದುಬಿಡಬಹುದಿತ್ತು. ಆದರೆ ಆ ಮನೆಯಲ್ಲಿ ಈ ಪ್ರಶ್ನೆಗೆ ಯಾರೂ ಸುಳ್ಳು ಹೇಳಿದ್ದನ್ನು ನಾನು ನೋಡಿಲ್ಲ. ಇಲ್ಲ ಅಂದಿದ್ದರೆ ಅದೂ ಸುಳ್ಳೇ. ಅವರಿಗೆ ಕೊಟ್ಟ ಮಾತು ನೆನಪಿತ್ತು. ಅದು ಮುರಿಯುವಾಗ ಭಯವಾಗಬೇಕಿತ್ತು, ಆಗಲಿಲ್ಲ. ಅಟೆಂಡೆನ್ಸ್ ಕರೆಯುವ ದನಿಯಲ್ಲಿ ನಾನು ಎಲ್ಲವನ್ನೂ ಹೇಳಿದೆ. ಟ್ರೇನು, ಕೈಗೆ ಕಟ್ಟಿದ ಪಟ್ಟಿ, ಕಂಬ, ಲೋಟ.

"ಕುಡೀಲಿಲ್ಲ. ಮೂಸಿ ನೋಡಿದ್ರು. ಅವಳ ಮಾತು ಮುಗಿಯೋವರೆಗೂ ಕೈಯಲ್ಲೇ ಹಿಡಿದಿದ್ರು. ಆಮೇಲೆ, ಚೆಲ್ಬೇಡ ಅಂತ ನನ್ನ ಕೈಗೆ ಕೊಟ್ರು. ನಾನು ಕುಡಿದೆ."

"ನೀನು?" ಎಂದು ಅಕ್ಕ ಅಡುಗೆಮನೆ ಬಿಟ್ಟು ಬಂದರು.

"ನಾನೇ."

ಅಡುಗೆಮನೆಯಲ್ಲಿ ಒಬ್ಬಟ್ಟು ಹೆಂಚಿನ ಮೇಲೆ ಕರಕಾಯಿತು, ಅಕ್ಕ ಓಡಿದರು.

ಭಾವ ಗಡ್ಡ ಕೆರೆದುಕೊಂಡರು. "ಮೂಸಿದಾನೆ, ಕುಡಿದಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಎಷ್ಟೋ ವರ್ಷ ಆ ಬಾಗಿಲು ತೆಗೆದು ಎಂಥೆಂಥ ಎಲೆಗಳನ್ನು ಕಂಡವರು ಅವರು. ಒಂದು ಅನ್ನದ ಅಗುಳೂ ಕಡಿಮೆಯಾಗಿರುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಒಳಗೆ ಬರೋರು ಇನ್ನೇನ್ ಮಾಡ್ತಾರೆ?" ಎಂದರು ಕೊನೆಗೆ. "ಅವ್ರೂ ವಾಸ್ನೆ ತಕಂಡೇ ಓಗೋದು. ತಿನ್ನೋರು ನಾವು. ಸರಿ, ಬಗ್ಸು ಕೂಸೇ. ಆದ್ರೆ ಲೋಟ ತುಂಬ ಬೇಡ. ಅರ್ಧ."

ಮಗಳು ಬಗ್ಗಿಸಿದಳು. ಹಿತ್ತಾಳೆ ಲೋಟಕ್ಕೆ ಕಪ್ಪಗೆ ಇಳಿಯಿತು. ಅವರ ಎಲೆಯ ಮೇಲೆ ರಾಗಿ ಮುದ್ದೆ, ಹುರುಳಿ ಸಾರು, ಮೊಸರನ್ನ, ಸೇಲಂನ ಮಾವಿನಕಾಯಿ ಉಪ್ಪಿನಕಾಯಿ ಇದ್ದವು. ಪಕ್ಕದಲ್ಲಿ ಅದನ್ನು ಇಟ್ಟು ನಾವು ಹೊರಗೆ ಬಂದೆವು. ಭಾವ ಬಾಗಿಲು ಮುಚ್ಚಿದರು.

ಜಗುಲಿಯ ಮೇಲೆ ನಿಂತಿದ್ದಾಗ ಅವಳು ನನ್ನ ತೋಳು ಹಿಡಿದಳು. ಬಿಗಿಯಾಗಿಯೇ ಹಿಡಿದಳು.

"ನೀವು ಬಂದಿದ್ರಾ? ಬಂದು ನಾನು ಮಾತಾಡಿದ್ದು ಕೇಳಿದ್ರಾ?"

"ಹ್ಞೂಂ."

"ಅವತ್ತು ಹಾಸ್ಪಿಟಲ್‌ನಲ್ಲಿ ನಿನ್ನ ಕೈ ಹಿಡ್ಕೊಂಡು ಕೇಳಿದ್ನಲ್ಲಮ್ಮಾ. ಆಗಲೂ ಬಾಯಿ ಬಿಡಲಿಲ್ಲ ನೀನು. ಹೌ ಕುಡ್ ಯೂ?"

ಅವರು ಬೇಡ ಅಂದಿದ್ರು, ಅಂದೆ. ಅವಳು ತೋಳು ಬಿಟ್ಟು, ಜಗುಲಿಯ ಆ ತುದಿಗೆ ಹೋಗಿ ನಿಂತಳು. ಕುರಿದೊಡ್ಡಿಯ ಕಡೆ ಮುಖ ಮಾಡಿದ್ದಳು. ನಾನು ನನ್ನ ತೋಳಿನ ಮೇಲೆ ಮೂಡಿದ ಅವಳ ಬೆರಳಿನ ಗುರುತು ನೋಡಿದೆ. ನೋವಾಯಿತು. ನೋವು ಅಂತ ತಿಳಿದದ್ದು ತುಂಬ ದಿನದ ಮೇಲೆ.

ಭಾವ ಕೆಮ್ಮಿದರು. ಬಾಗಿಲು ತೆಗೆದರು. ಎಲೆಗಳೆಲ್ಲ ಹಾಗೇ ಇದ್ದವು. ಹೊಸ ಎಲೆಯ ಮುಂದಿನ ಲೋಟವನ್ನು ಪದ್ಧತಿಯಂತೆ ಮೊದಲು ಅವರೇ ಎತ್ತಿಕೊಂಡು, ಒಂದು ಗುಟುಕು ಕುಡಿದು ಮುಖ ಕಿವುಚಿದರು. "ತೂ! ಕಷಾಯ ಇದ್ದಂಗೈತಲ್ಲೇ ಇದು. ಇದನ್ನ ಜನ ಕ್ಯೂ ನಿಂತ್ ಕುಡೀತಾರಾ?" ಅಂದವರು ಇನ್ನೊಂದು ಗುಟುಕು ತೆಗೆದುಕೊಂಡರು. ಆಮೇಲೆ ಇನ್ನೊಂದು. ಅಕ್ಕ ಬೈದು ಲೋಟ ಕಿತ್ತುಕೊಂಡರು.

ಮಧ್ಯಾಹ್ನ ಮಗಳು ನನ್ನನ್ನು ಕಾರಿನಲ್ಲಿ ಸೇಲಂಗೆ ಕರೆದುಕೊಂಡು ಹೊರಟಳು. ಧರ್ಮಪುರಿ ದಾಟಿದೆವು. ತೊಪ್ಪೂರು ಘಾಟಿನಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಇಳಿಯುವಾಗ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು:

"ಎಷ್ಟು ಹೊತ್ತು ಹಿಡಿದಿದ್ರು ಲೋಟ?"

"ನೀನು ಮಾತಾಡಿದಷ್ಟೂ ಹೊತ್ತು. ಇಪ್ಪತ್ತು ನಿಮಿಷ ಇರಬಹುದು. ನನ್ನ ಕೈಗೆ ಕೊಟ್ಟಾಗ ಬಿಸಿ ಆಗಿಹೋಗಿತ್ತು."

"ಅದನ್ನ ತಣ್ಣಗೆ ಕುಡೀಬಾರದು. ತಣ್ಣಗಿದ್ರೆ ಮರದ ವಾಸನೆ ಏಳಲ್ಲ. ಅಂಗೈಯಲ್ಲಿ ಹಿಡ್ಕೊಂಡು ಬಿಸಿ ಮಾಡ್ಬೇಕು. ಎಲ್ಲರಿಗೂ ಹೇಳಿ ಹೇಳಿ ಸಾಕಾಗುತ್ತೆ, ಯಾರೂ ಕಾಯಲ್ಲ." ಗೇರ್ ಬದಲಾಯಿಸಿದಳು. "ಅಪ್ಪನಿಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ."

ಲಾರಿ ಬ್ರೇಕ್ ಹಾಕಿತು. ನಾವೂ ನಿಂತೆವು.

"ಯಾವ ಕಡೆ ಕೂತಿದ್ರಿ?"

"ಸ್ಟೇಜಿನ ಎಡಗಡೆ. ಮರದ ಕೆಳಗೆ."

ಅವಳು ಯೋಚಿಸಿದಳು. "ಆ ಕಡೆಯಿಂದ ಬಿಸಿಲು ನೇರ ಕಣ್ಣಿಗೆ ಹೊಡೀತಿತ್ತು. ನನಗೆ ಅಲ್ಲಿ ಏನೂ ಕಾಣ್ತಿರಲಿಲ್ಲ."

"ಗೊತ್ತು."

"ಯಾವ ಶರ್ಟ್ ಹಾಕಿದ್ರು?"

ಹೇಳಿದೆ. ಅವಳು ಮತ್ತೆ ಕೇಳಿದಳು, ಎಷ್ಟನೇ ಸಾಲು, ಕನ್ನಡಕ ಹಾಕಿದ್ರಾ, ಚಪ್ಪಾಳೆ ತಟ್ಟಿದ್ರಾ. ಕೈಯಲ್ಲಿ ಲೋಟ ಇತ್ತಲ್ಲ, ಹೇಗೆ ತಟ್ಟೋದು, ಅಂದೆ. ಮುಂದಿನ ಲಾರಿ ಕದಲಿತು. ಅವಳು ಒಂದೊಂದಾಗಿ ಕೇಳುತ್ತಾ ಹೋದಳು, ನಾನು ನೆನಪಿದ್ದದ್ದಕ್ಕೆಲ್ಲ ಉತ್ತರ ಕೊಟ್ಟೆ.